ಅಂಗನವಾಡಿ ಟೀಚರ ಮಗಳ ತೂಕ

ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಮಕ್ಕಳನ್ನು ತೂಗಿದೆ. ಹಾಡು ಹೇಳಿಕೊಟ್ಟೆ, ಮೂಗು ಒರೆಸಿದೆ, ಉಪ್ಪಿಟ್ಟು ಕೆದಕಿದೆ, ರಿಜಿಸ್ಟರು ತುಂಬಿದೆ, ಅದೆಲ್ಲ ಹೌದು. ಆದರೆ ಮೇಲಿನವರು ಬಂದಾಗ ಕೇಳುತ್ತಿದ್ದದ್ದು ತೂಕ ಒಂದನ್ನೇ. ಸಾಸ್ತಾನದ ನಮ್ಮ ಮನೆಯಿಂದ ಹಂಗಾರಕಟ್ಟೆಗೆ ಹೋಗುವ ದಾರಿಯಲ್ಲಿ, ಹೊಳೆಗೆ ಬೆನ್ನು ಹಾಕಿ ಕೂತ ಒಂದು ಹೆಂಚಿನ ಕೋಣೆ ನಮ್ಮ ಅಂಗನವಾಡಿ. ಅದರ ಜಂತಿಗೆ ಗಡಿಯಾರದಂಥ ಮುಖದ ತಕ್ಕಡಿಯೊಂದನ್ನು ನೇತುಹಾಕಿದ್ದೆ. ಅದರ ಕೊಕ್ಕೆಗೆ ಚಡ್ಡಿಯ ಹಾಗೆ ಹೊಲಿದ ಬಟ್ಟೆಯ ಚೀಲ. ತಿಂಗಳಿಗೊಮ್ಮೆ ಒಂದೊಂದೇ ಮಗುವಿನ ಕಾಲುಗಳನ್ನು ಚೀಲದ ತೂತಿನಲ್ಲಿ ಇಳಿಸಿ ಕೈ ಬಿಟ್ಟರೆ, ಮಗು ಕಿರುಚುತ್ತ ತೂಗಾಡುತ್ತಿತ್ತು. ಮುಳ್ಳು ಸ್ವಲ್ಪ ಹೊತ್ತು ನಡುಗಿ ಒಂದು ಕಡೆ ನಿಲ್ಲುತ್ತಿತ್ತು. ಅದನ್ನು ನೋಡಿ ನಾನು ಮಗುವಿನ ಕಾರ್ಡಿನಲ್ಲಿ ಚುಕ್ಕಿ ಇಡುತ್ತಿದ್ದೆ.

ಆ ಕಾರ್ಡಿನಲ್ಲಿ ಎಡದಿಂದ ಬಲಕ್ಕೆ ಏರಿಹೋಗುವ ಕೆಲವು ಗೆರೆಗಳಿದ್ದವು. ಎಲ್ಲಕ್ಕಿಂತ ಮೇಲಿನ ಗೆರೆಯಲ್ಲಿ ಚುಕ್ಕಿ ಬಿದ್ದರೆ ಮಗು ಗಟ್ಟಿ. ಒಂದೊಂದು ಗೆರೆ ಕೆಳಗಿಳಿದ ಹಾಗೆಲ್ಲ ಮಗುವಿಗೆ ಅಪಾಯ, ನನಗೆ ಬೈಗುಳ. ಮೇಲಿನ ಗೆರೆಯ ಮೇಲೆ ಏನಿತ್ತು ಎಂದರೆ ಬರೀ ಬಿಳಿ ಕಾಗದ. ಅಲ್ಲಿ ಚುಕ್ಕಿ ಬಿದ್ದರೆ ಏನು ಮಾಡಬೇಕೆಂದು ತರಬೇತಿಯಲ್ಲಿ ಯಾರೂ ಹೇಳಲಿಲ್ಲ. ಕೇಳಬೇಕೆಂದು ನಮಗೂ ಅನಿಸಲಿಲ್ಲ. ಹೆಸರಿಡದ ಕಾಯಿಲೆ ಕಾಯಿಲೆಯೇ ಅಲ್ಲ ಎಂಬುದು ಇಲಾಖೆಯ ನಂಬಿಕೆಯಾಗಿತ್ತು, ಸಂಬಳ ಅಲ್ಲಿಂದಲೇ ಬರುತ್ತಿದ್ದದ್ದರಿಂದ ನನ್ನದೂ ಅದೇ ನಂಬಿಕೆ.

ಆ ಬಿಳಿ ಕಾಗದದಲ್ಲಿ ನಮ್ಮ ಕೇಂದ್ರದಿಂದ ಚುಕ್ಕಿ ಬಿದ್ದದ್ದು ಒಂದೇ ಮಗುವಿನದು. ಅದು 1997ರಲ್ಲಿ ಹುಟ್ಟಿದ ನನ್ನ ಮಗಳು.

ನನ್ನ ಗಂಡ ಬೊಂಬಾಯಿಯಲ್ಲಿದ್ದರು. ನಮ್ಮ ಕಡೆ ಇದು ವಿಳಾಸವಲ್ಲ, ಉದ್ಯೋಗ. ದೊಡ್ಡಪ್ಪನ ಹೊಟೇಲು ನೋಡಿಕೊಳ್ಳುತ್ತ, ದಿನಾ ಬೆಳಿಗ್ಗೆ ಊರವರೆಲ್ಲರ ಮಕ್ಕಳಿಗೆ ಬಿಸಿ ಇಡ್ಲಿ, ಬಿಸಿ ಸಾಂಬಾರು ಬಡಿಸುತ್ತಿದ್ದರು. ಅವರ ಸ್ವಂತ ಮಗಳಿಗೆ ಮಾತ್ರ ಹದಿನೈದು ದಿನಕ್ಕೊಮ್ಮೆ ಬೊಂಬಾಯಿ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆ ಬರುತ್ತಿತ್ತು. ಕ್ಲೀನರು ಸಾಸ್ತಾನದಲ್ಲಿ ಇಳಿದು, "ಹ್ವಾಯ್, ಹೊಟೇಲಿನೋರ್ ಮನಿ ಪಾರ್ಸೆಲ್!" ಎಂದು ಕೂಗಿ ಇಟ್ಟುಹೋಗುತ್ತಿದ್ದ. ಪೆಟ್ಟಿಗೆಯನ್ನು ಒಳಗೆ ಕೊಂಡುಹೋಗಿ ಬಿಚ್ಚುವ ಪದ್ಧತಿ ನಮ್ಮಲ್ಲಿರಲಿಲ್ಲ. ಜಗಲಿಯಲ್ಲಿಟ್ಟು, ನೆರೆಮನೆಯ ನಾಲ್ಕು ಹೆಂಗಸರು ಬಂದು ಕೂತ ಮೇಲೆ ಅತ್ತೆ ಅದರ ಅಂಟುಪಟ್ಟಿ ಕೀಳುತ್ತಿದ್ದರು. ಕ್ರೀಮು ಬಿಸ್ಕತ್ತು, ಚಿಪ್ಸು, ಎರಡು ನಿಮಿಷದಲ್ಲಿ ಬೇಯುವ ಶಾವಿಗೆ, ಹಾಲಿಗೆ ಹಾಕುವ ಚಾಕಲೇಟು ಪುಡಿ, ನೀರಿಗೆ ಹಾಕಿದರೆ ಕಿತ್ತಳೆಯಾಗುವ ಇನ್ನೊಂದು ಪುಡಿ. ಒಂದೊಂದನ್ನೇ ಎತ್ತಿ ತೋರಿಸಿ ಕೆಳಗಿಡುವಾಗ ಅತ್ತೆಯ ಮುಖದಲ್ಲಿ ಮದುವೆಯ ಒಡವೆ ತೋರಿಸುವಾಗಿನ ಗಾಂಭೀರ್ಯ ಇರುತ್ತಿತ್ತು.

ಇದಕ್ಕೆ ಕಾರಣವೂ ಇತ್ತು. ಹೊಟೇಲಿನವರ ಮನೆಯ ಮಗು ತೆಳ್ಳಗಿದ್ದರೆ ಊರಿನವರು ಮಗುವಿಗೆ ಏನಾಯಿತು ಎಂದು ಕೇಳುವುದಿಲ್ಲ, ಹೊಟೇಲಿಗೆ ಏನಾಯಿತು ಎಂದು ಕೇಳುತ್ತಾರೆ. "ಹೆಣ್ಣ್ ದುಂಡ್ ದುಂಡ್ ಇದ್ರೆ ಅಲ್ದಾ ಹೊಟೇಲಿನೋರ್ ಮನಿ ಅಂದ್ ಗೊತ್ತಾಪ್ದ್" ಎಂದು ಅತ್ತೆ ಬಾಯಿಬಿಟ್ಟೇ ಹೇಳುತ್ತಿದ್ದರು. ಬೊಂಬಾಯಿಯ ಹೊಟೇಲಿಗೆ ಸಾಸ್ತಾನದಲ್ಲಿ ಬೋರ್ಡು ಇರಲಿಲ್ಲ. ಆ ಕೆಲಸವನ್ನು ನನ್ನ ಮಗಳು ಮಾಡುತ್ತಿದ್ದಳು.

ಅವಳಿಗೆ ಒಂದು ವರ್ಷವಾದಾಗ ಊರಿನ ಯುವಕ ಮಂಡಲದವರು ಆರೋಗ್ಯವಂತ ಶಿಶು ಸ್ಪರ್ಧೆ ಇಟ್ಟರು. ನಿರ್ಣಾಯಕರು ಮೂವರೂ ಗಂಡಸರು. ಮಕ್ಕಳನ್ನು ಒಂದೊಂದಾಗಿ ಎತ್ತಿ ನೋಡಿದರು. ಎತ್ತುವಾಗ ಯಾವ ಮಗುವಿಗೆ ಹೆಚ್ಚು ಉಸಿರು ಬಿಟ್ಟರೋ ಆ ಮಗು ಮೊದಲ ಬಹುಮಾನ. ನನ್ನ ಮಗಳಿಗೆ ಒಂದು ಪ್ಲಾಸ್ಟಿಕ್ ಬಕೆಟು, ಅದರೊಳಗೆ ಚಾಕಲೇಟು ಪುಡಿಯ ಡಬ್ಬಿ ಸಿಕ್ಕಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ಹೆಗ್ಗಣಕ್ಕೆ ಸರ್ಟಿಫಿಕೇಟೂ ಇತ್ತು.

ಅಂಗನವಾಡಿಯಲ್ಲಿ ತಾಯಂದಿರ ಸಭೆ ನಡೆದಾಗ ನಾನು ಮಾಡುತ್ತಿದ್ದ ಒಂದು ಕೆಲಸವನ್ನು ಈಗ ನೆನೆದರೆ ಮೈ ಬಿಸಿಯಾಗುತ್ತದೆ. ಬಂದವರಲ್ಲಿ ಹೆಚ್ಚಿನವರು ಹಂಗಾರಕಟ್ಟೆಯ ಮೀನುಗಾರರ ಮನೆಯ ಹೆಂಗಸರು. ಅವರೆದುರು ನನ್ನ ಮಗಳನ್ನು ಚೀಲದಲ್ಲಿ ಕೂರಿಸಿ ತಕ್ಕಡಿಗೆ ನೇತುಹಾಕಿ, ಮುಳ್ಳು ಸರ್ರನೆ ಓಡುವುದನ್ನು ತೋರಿಸಿ, "ಕಾಣಿ, ಮಗು ಅಂದ್ರೆ ಹೀಂಗಿರ್ಕ್" ಎನ್ನುತ್ತಿದ್ದೆ. ಪ್ರಾಯದಲ್ಲಿ ಅವಳಷ್ಟೇ ಇದ್ದ ಒಬ್ಬಳು ಹುಡುಗಿ, ಮೀನು ಮಾರುವ ಹೆಂಗಸಿನ ಮಗಳು, ಯಾವಾಗಲೂ ಕಾರ್ಡಿನ ಎರಡನೆಯ ಗೆರೆಯಲ್ಲೇ ಇರುತ್ತಿದ್ದಳು. "ಮೂರ್ ಹೊತ್ತೂ ಗಂಜಿ, ಬೂತಾಯಿ ಮೀನ್ ಕೊಟ್ರೆ ಮಗು ಹ್ಯಾಂಗ್ ದಪ್ಪ ಆಪ್ದ್?" ಎಂದು ನಾನು ಆ ತಾಯಿಯನ್ನು ಗದರಿಸಿದೆ. ಅವಳು ಬುಟ್ಟಿ ಎತ್ತಿ ತಲೆಗಿಟ್ಟುಕೊಂಡು, "ನನ್ ಹೆಣ್ಣ್ ಇಡೀ ದಿನ ಓಡ್ತ್ ಟೀಚರೇ. ನಿಮ್ದ್ ಕೂಕಂಡೇ ಇರತ್ತಲೆ?" ಎಂದಳು. ಓದುಬರಹ ಇಲ್ಲದವಳಿಗೆ ಏನು ಹೇಳುವುದು ಎಂದು ನಾನು ಮುಂದಿನ ಮಗುವನ್ನು ಚೀಲಕ್ಕೆ ಇಳಿಸಿದೆ. ಕೇಂದ್ರದಿಂದ ನಾವು ಕೊಡುತ್ತಿದ್ದ ಪೌಷ್ಟಿಕ ಹಿಟ್ಟನ್ನು ಅವರಲ್ಲಿ ಅರ್ಧ ಜನ ಕರುವಿಗೆ ಹಾಕುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಆ ಕಾಲದಲ್ಲಿ ನಮ್ಮ ಊರಿನ ಕರುಗಳು ನೋಡಲು ಬಹಳ ಚೆನ್ನಾಗಿದ್ದವು.

ಮಗಳು ದಡ್ಡಿಯಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತವರು ಬೈಂದೂರು. ಅಲ್ಲಿಂದ ಬಸ್ಸಿನಲ್ಲಿ ಬರುವಾಗ ಕಂಡಕ್ಟರು ಕೂಗುವುದನ್ನು ಕೇಳಿ ಕೇಳಿ, ನಾಲ್ಕು ವರ್ಷಕ್ಕೇ ಅವಳು ಉಪ್ಪುಂದ, ನಾವುಂದ, ಮರವಂತೆ, ತ್ರಾಸಿ ಎಂದು ಶುರುಮಾಡಿ ಸಾಸ್ತಾನದವರೆಗೆ ಒಂದು ಸ್ಟಾಪೂ ಬಿಡದೆ ಹೇಳುತ್ತಿದ್ದಳು. ಕುಂಭಾಶಿ ಬಂದಾಗ ಮಾತ್ರ ಸ್ವಲ್ಪ ನಿಲ್ಲಿಸಿ ದೇವರಿಗೆ ಕೈಮುಗಿದು ಮುಂದುವರಿಸುತ್ತಿದ್ದಳು. ಬಸ್ಸಿನವರೆಲ್ಲ ನಗುತ್ತಿದ್ದರು, ಯಾರಾದರೊಬ್ಬರು ಕೈಗೆ ಚಾಕಲೇಟು ಇಡುತ್ತಿದ್ದರು.

ಐದೂವರೆ ವರ್ಷಕ್ಕೆ ತಕ್ಕಡಿಯ ಮುಳ್ಳು ಕೊನೆಯ ಅಂಕಿಯನ್ನು ಮುಟ್ಟಿ ನಿಂತಿತು. ಅದರಾಚೆ ಅದಕ್ಕೆ ದಾರಿ ಇರಲಿಲ್ಲ. "ಸರಕಾರದ ತಕ್ಕಡಿಯೇ ಸೋತ್ತ್ ಕಾಣಿ" ಎಂದು ನಾನು ಮನೆಗೆ ಬಂದು ನಗುತ್ತ ಹೇಳಿದೆ, ಅತ್ತೆ ದೃಷ್ಟಿ ತೆಗೆದರು. ಆಮೇಲೆ ಅವಳು ಶಾಲೆಗೆ ಹೋದಳು, ಕಾರ್ಡು ಮುಗಿಯಿತು. ಸರಕಾರಕ್ಕೆ ಮಗುವಿನ ತೂಕದ ಚಿಂತೆ ಇರುವುದು ಆರು ವರ್ಷದವರೆಗೆ. ಅಲ್ಲಿಂದ ಮುಂದೆ ಅವಳನ್ನು ಯಾರೂ ತೂಗಲಿಲ್ಲ, ನಾನೂ ತೂಗಲಿಲ್ಲ.

ನಾಲ್ಕನೆಯ ಕ್ಲಾಸಿನಿಂದ ದೂರು ಶುರುವಾಯಿತು. ಮಧ್ಯಾಹ್ನದ ಮೇಲೆ ನಿದ್ದೆ ಮಾಡುತ್ತಾಳೆ. ಬರೆಸಿದ್ದನ್ನು ಅರ್ಧಕ್ಕೆ ಬಿಡುತ್ತಾಳೆ. ಮಗ್ಗಿ ಇವತ್ತು ಹೇಳುತ್ತಾಳೆ, ನಾಳೆಗೆ ಇಲ್ಲ. ಆಟಕ್ಕೆ ಕರೆದರೆ ಮರದ ಬುಡದಲ್ಲಿ ಕೂರುತ್ತಾಳೆ, ಯಾಕೆಂದರೆ ಓಡಲು ಹೊರಟರೆ ಉಳಿದ ಮಕ್ಕಳು ಹೆದ್ದಾರಿಯ ಲಾರಿಯ ಹಾಗೆ ಹಾರ್ನು ಹೊಡೆಯುತ್ತಿದ್ದರು. ಐದನೆಯ ಕ್ಲಾಸಿನ ಡಿಸೆಂಬರಿನಲ್ಲಿ ಮಾಸ್ತರು ನನ್ನನ್ನು ಕರೆಸಿದರು. "ನಿಮ್ ಮಗ್ಳಿಗೆ ಹೇಳದ್ದ್ ಗೊತ್ತಾತಿಲ್ಲೆ ಟೀಚರೇ. ಈ ವರ್ಷ ಇದೇ ಕ್ಲಾಸಲ್ಲಿ ಕೂಕಣ್ಲಿ. ಕೆಲವ್ ಮಕ್ಳ್ ಮಂಡಿಯೇ ಹಾಂಗ್" ಎಂದರು. ಮಂಡಿ ಎಂದರೆ ನಮ್ಮ ಕಡೆ ಮೊಣಕಾಲಲ್ಲ, ತಲೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹದಿನೈದು ಮಕ್ಕಳ ಎದುರೇ ಅವರ ಜೊತೆ ಜಗಳವಾಡಿದೆ. ಪರೀಕ್ಷೆ ಆಗುವವರೆಗೆ ಹಾಗೆಲ್ಲ ಹೇಳಬೇಡಿ ಎಂದು ಬಾಯಿ ಮಾಡಿ ಮಗಳ ಕೈ ಹಿಡಿದು ಹೊರಗೆ ಬಂದೆ. ಅವಳು ದಾರಿಯಲ್ಲಿ ಒಂದೇ ಮಾತು ಕೇಳಿದಳು: "ನಂಗೆ ಮಂಡಿ ಇಲ್ಯಾ ಅಮ್ಮ?"

ಅತ್ತೆ ತಮಗೆ ಗೊತ್ತಿದ್ದ ಔಷಧಿ ಶುರುಮಾಡಿದರು. ಗದ್ದೆಯ ಅಂಚಿನಿಂದ ಒಂದೆಲಗ ಕಿತ್ತು ತಂದು, ಅರೆದು, ರಸ ತೆಗೆದು, ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಸಿದರು. ನೆನಪಿನ ಶಕ್ತಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಕಹಿ. ಕಹಿ ಹೋಗಲಿ ಎಂದು ಅದರ ಹಿಂದೆಯೇ ನಾಲ್ಕು ಕ್ರೀಮು ಬಿಸ್ಕತ್ತು ಕೊಡುತ್ತಿದ್ದರು. ಮಗಳು ಒಂದು ತಿಂಗಳು ತಪ್ಪದೆ ಔಷಧಿ ಕುಡಿದಳು.

ಇದರಿಂದ ಆಗುವುದಿಲ್ಲವೆಂದು ಜನವರಿಯಲ್ಲಿ ಅವಳನ್ನು ಕುಂದಾಪುರಕ್ಕೆ, ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬುದ್ಧಿಗೆ ಏನಾದರೂ ಟಾನಿಕ್ಕು ಬರೆಸಿಕೊಳ್ಳುವುದು ನನ್ನ ಯೋಚನೆ. ಬಸ್ಸು ಕೋಟ ದಾಟುವ ಮೊದಲೇ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.

ಡಾಕ್ಟರು ನಮ್ಮ ಕಡೆಯವರೇ, ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ಕೇಳಿ, "ತೂಕ ಎಷ್ಟ್?" ಎಂದರು.

ನಾನು ಬಾಯಿ ತೆರೆದೆ. ಕೇಂದ್ರದ ಮೂವತ್ತೆರಡು ಮಕ್ಕಳ ತೂಕ, ಹೋದ ತಿಂಗಳದ್ದು, ಅದರ ಹಿಂದಿನ ತಿಂಗಳದ್ದು, ನನ್ನ ನಾಲಿಗೆಯ ತುದಿಯಲ್ಲಿತ್ತು. ಮಗಳದ್ದು ಇರಲಿಲ್ಲ.

"ನೀವ್ ಎಂತ ಕೆಲ್ಸ ಮಾಡುದ್?"

"ಅಂಗನವಾಡಿ ಟೀಚರ್."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ಮಗಳನ್ನು ಮೂಲೆಯ ತಕ್ಕಡಿಯ ಮೇಲೆ ನಿಲ್ಲಿಸಿದರು. ಐವತ್ತೆರಡು ಕಿಲೋ. ನಾನು ಆಗ ಐವತ್ತು ಇದ್ದೆ.

"ಗೊರಕಿ ಹೊಡಿತ್ತಾ?"

"ಹೊಡಿತ್ತ್ ಡಾಕ್ಟ್ರೇ, ಅವ್ಳಪ್ಪನ್ ಹಾಂಗೇ. ನಿದ್ರಿ ಭಾರಿ ಲಾಯ್ಕಿತ್ತ್" ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಅದ್ ನಿದ್ರಿ ಅಲ್ಲ ಅಮ್ಮ, ಉಸ್ರಿಗೆ ಹೊಡ್ದಾಟ. ರಾತ್ರಿ ಇಡೀ ಉಸ್ರಿಗೆ ಹೊಡ್ದಾಡಿದ್ ಮಂಡಿ ಹಗ್ಲ್ ಹೊತ್ತಿಗ್ ಎಂತ ಕಲಿತ್ತ್?"

ಆಮೇಲೆ ಅವರು ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ತಿನ್ನುತ್ತಾಳೆ ಎಂದು ಕೇಳಿದರು. ನಾನು ಹೇಳುತ್ತ ಹೋದ ಹಾಗೆ ನನ್ನ ಸ್ವರ ಸಣ್ಣದಾಗುತ್ತ ಹೋಯಿತು. ಬೆಳೆಯುವ ಮಗುವಿನ ಮಿದುಳು ಎಂದರೆ ಆಗಷ್ಟೇ ಸಗಣಿ ಸಾರಿಸಿದ ಅಂಗಳ, ಯಾರು ತುಳಿದರೂ ಹೆಜ್ಜೆ ಉಳಿಯುತ್ತದೆ ಎಂದರು. ಹಸಿವು ಎಂದರೇನು, ಸಾಕು ಎಂದರೇನು ಎಂಬುದನ್ನೂ ಮಿದುಳು ಈ ವಯಸ್ಸಿನಲ್ಲೇ ಕಲಿಯಬೇಕು, ಈ ಪ್ಯಾಕೆಟುಗಳನ್ನು ತಯಾರಿಸುವುದೇ ನಾಲಿಗೆ ಸಾಕು ಎನ್ನದ ಹಾಗೆ ಎಂದರು. ನನಗೆ ಥಟ್ಟನೆ ಹೊಳೆಯಿತು: ಮಗಳು ಗಂಜಿಗೆ ಸಾಕು ಎಂದಿದ್ದಾಳೆ, ಮೀನಿಗೆ, ನೀರುದೋಸೆಗೆ, ಹಲಸಿನ ಕಡುಬಿಗೂ ಸಾಕು ಎಂದಿದ್ದಾಳೆ. ಪ್ಯಾಕೆಟ್ಟಿಗೆ ಒಂದು ದಿನವೂ ಹೇಳಿದ್ದು ನೆನಪಿಲ್ಲ. ಅದು ಮುಗಿಯುತ್ತಿತ್ತು, ಅಷ್ಟೇ.

ಟಾನಿಕ್ಕು ಬರೆಯಲಿಲ್ಲ. "ಮಂಡಿ ಸಮ ಇತ್ತ್. ಅದ್ಕೆ ದಾರಿ ಬಿಡಿ" ಎಂದು ಕಳಿಸಿದರು. ದಿನಾ ಸಂಜೆ ನಡೆಯಬೇಕು, ಮನೆಯಲ್ಲಿ ಬೇಯಿಸಿದ್ದನ್ನೇ ತಿನ್ನಬೇಕು, ಪ್ಯಾಕೆಟ್ಟು ಬೇಡ. ಆರು ತಿಂಗಳು ಬಿಟ್ಟು ಬನ್ನಿ, ಗೊರಕೆ ನಿಲ್ಲದಿದ್ದರೆ ಮೂಗು ಗಂಟಲು ನೋಡಿಸೋಣ ಎಂದರು.

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಗಂಜಿಯೆಂದರೆ ಜ್ವರ ಬಂದವರಿಗೆ, ಪ್ಯಾಕೆಟ್ಟೆಂದರೆ ಅಪ್ಪ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹದಿನೈದು ದಿನ ಬಂದುಹೋಗುವ ಮನುಷ್ಯನನ್ನು ಮಗಳು ಉಳಿದ ದಿನಗಳಲ್ಲಿ ಚೂರು ಚೂರಾಗಿ ತಿನ್ನುತ್ತಿದ್ದಳು. ನಾನು ಬೇಡ ಎಂದ ದಿನ ಅವಳು ಅತ್ತದ್ದು ಬಿಸ್ಕತ್ತಿಗಲ್ಲ. "ಅಪ್ಪ ಕಳ್ಸದ್ದಲ್ದಾ?" ಎಂದು ಅತ್ತಳು. ನಾನು ಫೋನಿನಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಆ ಕಡೆ ಹೊಟೇಲಿನ ತಟ್ಟೆಗಳ ಸದ್ದು ಕೇಳುತ್ತಿತ್ತು. ಅವರು, "ಮಗ್ಳಿಗೆ ಎಂತದೂ ಕಳ್ಸದೆ ನಾನ್ ಅಪ್ಪ ಆಪ್ದ್ ಹ್ಯಾಂಗೆ?" ಎಂದರು. ಪಾಪ ಅನಿಸಿತು. ಪೆಟ್ಟಿಗೆ ಬರುತ್ತಲೇ ಇತ್ತು.

ಬಂದದ್ದನ್ನು ಏನು ಮಾಡುವುದು? ತಿನ್ನುವ ವಸ್ತು. ಗುಂಡಿಗೆ ಎಸೆಯುವುದಕ್ಕೆ ನಮ್ಮ ಕೈ ಬರುವುದಿಲ್ಲ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ಮುಂದಿನ ಜನ್ಮದಲ್ಲಿ ಬಾತುಕೋಳಿಯಾಗುತ್ತೀ ಎಂದು ಹೆದರಿಸಿಕೊಂಡು ಬೆಳೆದವರು ನಾವು. ಮನೆಯಲ್ಲಿಟ್ಟರೆ ಮಗಳು ಹುಡುಕುತ್ತಾಳೆ. ಅಟ್ಟದ ಅಕ್ಕಿಮುಡಿಯ ಹಿಂದೆ ಬಚ್ಚಿಟ್ಟದ್ದನ್ನೂ ಒಂದೇ ದಿನದಲ್ಲಿ ಹುಡುಕಿದ್ದಳು. ಅಷ್ಟು ದಪ್ಪದ ಹುಡುಗಿ ಆ ಕಿರಿದಾದ ಏಣಿ ಹೇಗೆ ಹತ್ತಿದಳೋ ಇಂದಿಗೂ ಗೊತ್ತಿಲ್ಲ. ಆಗ ನನಗೆ ಒಂದು ಘನವಾದ ಉಪಾಯ ಹೊಳೆಯಿತು. ಪೆಟ್ಟಿಗೆಯನ್ನು ಮನೆಗೆ ತರದೆ, ಬಸ್ಸಿನಿಂದಲೇ ಇಳಿಸಿಕೊಂಡು ಅಂಗನವಾಡಿಗೆ ಕೊಂಡುಹೋದೆ.

ಅಲ್ಲಿ ಕೆಳಗಿನ ಗೆರೆಯ ಮಕ್ಕಳಿದ್ದರಲ್ಲ. ಉಪ್ಪಿಟ್ಟಿನ ಜೊತೆ ಎರಡೆರಡು ಕ್ರೀಮು ಬಿಸ್ಕತ್ತು, ಹಾಲಿಗೆ ಚಾಕಲೇಟು ಪುಡಿ. ಮಕ್ಕಳು ಬೆಳಿಗ್ಗೆ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ಕೂರತೊಡಗಿದವು. ಫೆಬ್ರವರಿಯಲ್ಲಿ ತೂಗಿದಾಗ ಮೂರು ಮಕ್ಕಳ ಚುಕ್ಕಿ ಮೇಲಕ್ಕೆ ಹೋಗಿತ್ತು. ಮೇಲ್ವಿಚಾರಕಿ ಬಂದವರು ಕಾರ್ಡುಗಳನ್ನು ನೋಡಿ, ನಮ್ಮ ಕೇಂದ್ರ ಉಳಿದವರಿಗೆ ಮಾದರಿ ಎಂದು ಬರೆದುಹೋದರು. ಆ ಪುಟವನ್ನು ನಾನು ಎರಡು ಸಲ ಓದಿದೆ. ಅದೇ ವಾರ ಆ ಮೀನು ಮಾರುವ ಹೆಂಗಸು ಬಂದು, ತನ್ನ ಕೊನೆಯ ಮಗ ಮನೆಯಲ್ಲಿ ಗಂಜಿ ಮುಟ್ಟುವುದಿಲ್ಲ, ಬಟ್ಟಲು ಕಂಡರೆ ಕಾಲು ಬಡಿಯುತ್ತಾನೆ ಎಂದು ದೂರಿದಳು. "ಎಂತ ಹಾಕ್ತ್ರಿ ನೀವ್ ಅದ್ಕೆ?" ಎಂದು ಕೇಳಿದಳು. "ನಿನ್ ಮಗ ಒಂದ್ ಗೆರಿ ಮೇಲ್ ಹೋಯ್ದ, ಖುಷಿ ಪಡು" ಎಂದು ನಾನು ಕಾರ್ಡು ತೋರಿಸಿದೆ.

ಮಗಳ ಪರೀಕ್ಷೆ ಏನಾಯಿತು ಎಂದು ಕೇಳುವವರು ಇರಬಹುದು. ಪಾಸಾದಳು, ಗಡಿಯಲ್ಲಿ. ಮಾಸ್ತರಿಗೆ ಆಶ್ಚರ್ಯವಾಯಿತು, ನನಗೂ ಆಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಗೊರಕೆ ಕಡಿಮೆಯಾಗಲು ಒಂದು ವರ್ಷ ಹಿಡಿಯಿತು, ಲಾರಿಯ ಹಾರ್ನು ನಿಲ್ಲಲು ಇನ್ನೂ ಎರಡು ವರ್ಷ. ಈಗ ಅವಳು ದೊಡ್ಡವಳು, ಬ್ರಹ್ಮಾವರದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ತೆಳ್ಳಗೇನೂ ಆಗಿಲ್ಲ. ಬೇಸರವಾದ ದಿನ ಈಗಲೂ ಅವಳ ಕೈ ಪ್ಯಾಕೆಟ್ಟಿನ ಕಡೆಗೇ ಹೋಗುತ್ತದೆ, ಅದನ್ನು ಕಂಡಾಗಲೆಲ್ಲ ನಾನು ಮುಖ ಆಚೆ ತಿರುಗಿಸುತ್ತೇನೆ. ಹಸಿ ಅಂಗಳದ ಮೇಲಿನ ಆ ಹೆಜ್ಜೆ ಯಾರದ್ದೆಂದು ನನಗೆ ಗೊತ್ತಿದೆ.

ಆದರೆ ನಾನು ಹೇಳಹೊರಟದ್ದು ಪರೀಕ್ಷೆಗಿಂತ ಮೊದಲಿನ ಒಂದು ಶನಿವಾರದ ವಿಷಯ. ಶಾಲೆ ಅರ್ಧ ದಿನ. ಮನೆಯಲ್ಲಿ ಅತ್ತೆ ಇರಲಿಲ್ಲವೆಂದು ಮಗಳು ನಡೆದುಕೊಂಡು ಅಂಗನವಾಡಿಗೇ ಬಂದಳು. ಡಾಕ್ಟರು ನಡೆಯಲು ಹೇಳಿದ್ದರಲ್ಲ, ಅಷ್ಟು ದೂರ ಮೊದಲ ಸಲ ಒಬ್ಬಳೇ ನಡೆದಿದ್ದಳು. ಮುಖ ಕೆಂಪಾಗಿ, ಬೆವರು ಸುರಿಸಿಕೊಂಡು, ಅದನ್ನು ನನಗೆ ಹೇಳಬೇಕೆಂಬ ಸಂತೋಷದಲ್ಲಿ ಬಾಗಿಲಿಗೆ ಬಂದು ನಿಂತಳು.

ಮಕ್ಕಳು ಸಾಲಾಗಿ ಕೂತಿದ್ದವು. ಉಪ್ಪಿಟ್ಟು ತಟ್ಟೆಯಲ್ಲಿ ಆರುತ್ತಿತ್ತು. ನಾನು ಮಧ್ಯದಲ್ಲಿ ನಿಂತು ಬೊಂಬಾಯಿಯ ಪೆಟ್ಟಿಗೆಯಿಂದ ಬಿಸ್ಕತ್ತು ತೆಗೆದು ಚಾಚಿದ ಕೈಗಳಿಗೆ ಹಂಚುತ್ತಿದ್ದೆ. ಮಗಳು ಪೆಟ್ಟಿಗೆಯನ್ನು ನೋಡಿದಳು. ಅದರ ಮೇಲೆ ಅವಳ ಅಪ್ಪನ ಕೈಬರಹದಲ್ಲಿ ಅವಳ ಹೆಸರಿತ್ತು. ಪೆಟ್ಟಿಗೆ ಬರುವುದೇ ನಿಂತಿದೆ ಎಂದು ನಾನು ಅವಳಿಗೆ ಹೇಳಿದ್ದೆ.

"ಅದ್ ನಂಗೆ ಅಪ್ಪ ಕಳ್ಸದ್ದ್" ಎಂದಳು.

ನಾನು ಸಿಕ್ಕಿಬಿದ್ದ ಕಳ್ಳಿಯ ಸಿಟ್ಟಿನಲ್ಲಿ, "ಹೌದ್, ಅದ್ಕೆಂತ? ಬಿಸಾಡೂಕಾತ್ತಾ? ಈ ಮಕ್ಳ್ ತೂಕ ಕಮ್ಮಿ ಇತ್ತ್" ಎಂದೆ.

ಅವಳು ಆ ಸಾಲನ್ನು ಒಮ್ಮೆ ನೋಡಿದಳು. ಅಪ್ಪನ ಪೆಟ್ಟಿಗೆಗಾಗಿ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ನಾನ್ ತಿಂದ್ರೆ ಮಂಡಿ ಹಾಳಾತ್ತ್ ಅಂದಿ. ಇವ್ಕೆಲ್ಲ ಮಂಡಿ ಇಲ್ಯಾ ಅಮ್ಮ?"

ಇಂಥ ಹೊತ್ತಿನಲ್ಲಿ ದೊಡ್ಡವರು ಏನು ಹೇಳುತ್ತಾರೋ ಅದನ್ನೇ ಹೇಳಿದೆ. "ಸುಮ್ನಿರ್. ನಿಂಗದೆಲ್ಲ ಗೊತ್ತಾತಿಲ್ಲೆ."

ಅವಳು ಬ್ಯಾಗು ಕೆಳಗಿಟ್ಟು, ಸಾಲಿನ ಮೊದಲಿಗೆ ಕೂತಿದ್ದ ಆ ಮೀನು ಮಾರುವವಳ ಮಗನ ಹತ್ತಿರ ಬಗ್ಗಿ, ಅವನ ಕೈಯಿಂದ ಬಿಸ್ಕತ್ತು ತೆಗೆದುಕೊಂಡಳು. ಈಗ ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದುಕೊಂಡು ನಾನು ಹೊಡೆಯಲು ಕೈ ಎತ್ತಿದೆ. ಅವಳು ಅದನ್ನು ತಿರುಗಿ ಪೆಟ್ಟಿಗೆಗೆ ಹಾಕಿದಳು, ಅವನ ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರ ಸರಿಸಿದಳು, ಆಮೇಲೆ ಪಕ್ಕದ ಮಗುವಿನ ಹತ್ತಿರ ಹೋದಳು. ಹುಡುಗ ಸೂರು ಹಾರಿಹೋಗುವ ಹಾಗೆ ಕಿರುಚತೊಡಗಿದ. ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ.